ಹುಳುಮನೆಯ ಬಾಗಿಲಲ್ಲಿ ನಾನು ಹೇಳದೆ ಉಳಿದ ಮಾತು

ಮಂಜು, ನಿಮ್ಮ ಮನೆಯ ರೇಷ್ಮೆಹುಳು ಅಷ್ಟೂ ಸತ್ತದ್ದು ನಿನ್ನಿಂದಲ್ಲ, ನನ್ನಿಂದ. ನೀನು ಮುಟ್ಟಾಗಿದ್ದಾಗ ಹುಳುಮನೆಯೊಳಗೆ ಹೋದದ್ದಕ್ಕೂ ಅವು ಸತ್ತದ್ದಕ್ಕೂ ಯಾವ ಸಂಬಂಧವೂ ಇಲ್ಲ. ಅದು ನನಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಪಕ್ಕದಲ್ಲೇ ಸುಮ್ಮನೆ ನಿಂತಿದ್ದೆ. ಒಂಬತ್ತು ವರ್ಷ ಹಾಗೇ ಸುಮ್ಮನಿದ್ದೆ.

ಎಷ್ಟು ಸಲೀಸಾಗಿ ಬರೆದುಬಿಟ್ಟೆ ನೋಡು! ಮೈದಾನದ ಈ ತುದಿಯಲ್ಲಿ ಕೂಗಿದರೆ ಆ ತುದಿಯ ಹುಡುಗಿಯರು ಬೆಚ್ಚಿಬೀಳುತ್ತಿದ್ದರು, ಅಂಥ ಬಾಯಿ ಈ ಪಿ.ಟಿ. ಟೀಚರದು. ಆ ಬಾಯಿ ಇದೊಂದಕ್ಕೆ ಮಾತ್ರ ಬೀಗ ಹಾಕಿಕೊಂಡಿತ್ತು.

ನಮ್ಮ ಓಟದ ಮೊದಲ ವರ್ಷ ಅದು. ಚಿಂತಾಮಣಿಯ ನಾವು ನಾಲ್ಕು ಜನ ಗೆಳತಿಯರು ಸೇರಿ ಕಟ್ಟಿಕೊಂಡ ಹುಚ್ಚು — ಹೆಣ್ಣುಮಕ್ಕಳಿಗಾಗಿ ಹೆಣ್ಣುಮಕ್ಕಳೇ ಓಡುವುದು, ಬಂದ ನೆರವಿನಲ್ಲಿ ಸುತ್ತಲಿನ ಶಾಲೆಗಳ ಹುಡುಗಿಯರಿಗೆ ನೀರಿರುವ ಶೌಚಾಲಯ ಕಟ್ಟಿಸುವುದು. ಮುಟ್ಟಾದರೆ ನಾಲ್ಕು ದಿನ ಶಾಲೆಗೇ ಬರದ ಮಕ್ಕಳು ಎಷ್ಟು ಜನ ಅಂತ ಹಾಜರಿ ಕೂಗುವ ನನಗೆ ತಿಳಿಯದೆ? ಬೆಂಗಳೂರಿನಿಂದ, ಚಿಕ್ಕಬಳ್ಳಾಪುರದಿಂದ, ಗೌರಿಬಿದನೂರಿನಿಂದ ಓಡುವವರು ಬರುತ್ತೇವೆಂದರು. ಡಾಂಬರು ರಸ್ತೆ ಬೇಡ, ಗುಡ್ಡದ ಕಾಲುದಾರಿಯಲ್ಲಿ ಓಡೋಣ ಎಂದು ನಾನೇ ಹೇಳಿದ್ದು. ಕೆಂಚಾರ್ಲಹಳ್ಳಿಯಾಚೆ ನಿನ್ನ ಗಂಡನ ಊರಿನ ಗುಡ್ಡ, ಅದರ ಬುಡದಲ್ಲಿ ನಿಮ್ಮ ಹಿಪ್ಪುನೇರಳೆ ತೋಟ. ತೋಟದ ನಡುವೆಯೇ ದಾರಿ ಹಾಯಬೇಕೆಂದು ಹಟ ಹಿಡಿದವಳೂ ನಾನೇ. ಯಾಕೆ ಗೊತ್ತೇ? ಹಸಿರಿನಲ್ಲಿ ಫೋಟೋ ಚೆನ್ನಾಗಿ ಬರುತ್ತದೆಂದು.

ನಿನ್ನ ಅತ್ತೆ ವೆಂಕಟಲಕ್ಷ್ಮಮ್ಮ ಒಂದೇ ಮಾತಿಗೆ ಒಪ್ಪಿದರು. "ಹೆಣ್ಮಕ್ಕಳಿಗೋಸ್ಕರ ಅಂತೀರ, ಬೇಡ ಅಂತೀನಾ ಟೀಚರಮ್ಮ? ಆದ್ರೆ ಆ ಹೊತ್ಗೆ ಹುಳು ನಾಲ್ಕನೇ ಜ್ವರ ಎದ್ದು, ಪೊರೆ ಬಿಟ್ಟು ಸೊಪ್ಪು ಮುಕ್ತಾ ಇರ್ತವೆ. ಗಿಡ ಮಾತ್ರ ಯಾರೂ ಮುಟ್ಬಾರ್ದು" ಎಂದರು. ಆಮೇಲೆ ನಿನ್ನ ಕಡೆ ನೋಡಿ, "ಇವ್ಳೂ ಓಡ್ಲಿ ಬಿಡಿ. ಕೈವಾರದಿಂದ ತಂದಾಗಿಂದ ಕಾಲು ಕಟ್ಟಿಹಾಕ್ದಂಗೆ ಒದ್ದಾಡ್ತಾಳೆ" ಎಂದು ನಕ್ಕರು. ಮದುವೆಯಾಗಿ, ಮಗುವಾಗಿ, ನಾಲ್ಕು ವರ್ಷ ಕಳೆದ ಮೇಲೆ ನನ್ನ ಹಳೆಯ ವಿದ್ಯಾರ್ಥಿನಿ ಮತ್ತೆ ಓಡುವವಳಿದ್ದಳು. ಆವತ್ತು ನನ್ನ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ, ಮಂಜು. ಅದೊಂದನ್ನಾದರೂ ನಂಬು.

ಅದಕ್ಕೆ ಮೊದಲು ನಿಮ್ಮೂರ ಅರಳಿಕಟ್ಟೆಯಲ್ಲಿ ಒಂದು ಸಭೆ ಮಾಡಿದ್ದೆನಲ್ಲ, ನೆನಪಿದೆಯಾ? "ಮುಟ್ಟಾದೋರು ಹುಳುಮನೆಗೆ ಹೋದ್ರೆ ಬೆಳೆ ಕೆಡುತ್ತೆ ಅನ್ನೋದೆಲ್ಲ ಬರೀ ಸುಳ್ಳು. ಹೋಗಿ, ಏನೂ ಆಗಲ್ಲ. ಏನಾದ್ರೂ ಆದ್ರೆ ನನ್ನ ಹೆಸ್ರು ಹೇಳಿ!" ಎಂದು ಎದೆ ತಟ್ಟಿ ಹೇಳಿದ್ದೆ. ಮುದುಕಿಯರು ಮುಸಿಮುಸಿ ನಕ್ಕರು. ನೀನು ನಗಲಿಲ್ಲ. ನಂಬಿದೆ.

ಓಟ ಇದ್ದದ್ದು ಭಾನುವಾರ. ಹಿಂದಿನ ಮಂಗಳವಾರ ದಾರಿ ನೋಡಲು ಬಂದ ಬೆಂಗಳೂರಿನ ಹೆಂಗಸೊಬ್ಬರ ಕಾಲಿಗೆ ರಕ್ತ ಹೀರುವ ಉಣ್ಣೆ ಹತ್ತಿತು. ಒಂದಲ್ಲ, ನಾಲ್ಕೈದು. ಇಂಥ ಕಡೆ ಯಾರು ಓಡ್ತಾರೆ ಎಂದು ಆಕೆ ಮುಖ ಸಿಂಡರಿಸಿದರು. ಓಟವೇ ನಿಂತುಹೋದೀತೆಂದು ಹೆದರಿದೆ. ಬುಧವಾರ ಬೆಳಗ್ಗೆ, ನಿಮ್ಮೂರವರೆಲ್ಲ ಡೇರಿಗೆ ಹಾಲು ಹಾಕಲು ಹೋಗಿದ್ದ ಹೊತ್ತಿನಲ್ಲಿ, ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಒಬ್ಬಾತನನ್ನು ಕರೆಸಿ, ಕಾಲುದಾರಿಯ ಎರಡೂ ಬದಿಯ ಪೊದೆಗಳಿಗೆ ಹೊಡೆಸಿದೆ. ಗಾಳಿ ಯಾವ ಕಡೆಗೆ ಬೀಸುತ್ತಿತ್ತೆಂದು ನೋಡಿದ್ದೆ — ನಿಮ್ಮ ತೋಟದ ಕಡೆಗೇ ಬೀಸುತ್ತಿತ್ತು. ಆದರೂ ನಿಲ್ಲಿಸೆನ್ನಲಿಲ್ಲ.

ಗೊತ್ತಿಲ್ಲದೆ ಮಾಡಿದೆ ಎನ್ನಲಾರೆ. ಶಿಡ್ಲಘಟ್ಟದ ಹತ್ತಿರ ಹುಳು ಸಾಕುವ ಮನೆಯಲ್ಲೇ ಹುಟ್ಟಿದವಳು ನಾನು. ಬೀಡಿ ಸೇದಿ ಬಂದವರನ್ನು ನಮ್ಮಪ್ಪ ಹುಳುಮನೆಯ ಜಗಲಿಗೂ ಹತ್ತಿಸುತ್ತಿರಲಿಲ್ಲ. ಪಕ್ಕದ ತೋಟಕ್ಕೆ ಔಷಧಿ ಹೊಡೆದವರು ತಾವಾಗಿ ಮನೆ ಬಾಗಿಲಿಗೆ ಬಂದು, "ಈ ಕಡೆ ಸೊಪ್ಪು ಇಷ್ಟು ದಿನ ಕೊಯ್ಬೇಡಿ" ಎಂದು ಹೇಳಿಹೋಗಬೇಕು. ಜಗಳವಾಡಿ ಮಾತು ಬಿಟ್ಟವರೂ ಆ ಒಂದು ಮಾತನ್ನು ಹೇಳಿಯೇ ಹೋಗುತ್ತಿದ್ದರು. ನಾನು ಹೇಳಲಿಲ್ಲ. ಹೇಳಿದರೆ ನಿನ್ನ ಅತ್ತೆ, ನಿಮ್ಮ ಓಟವನ್ನು ಬೇರೆ ಕಡೆ ಇಟ್ಟುಕೊಳ್ಳಿ ಎಂದುಬಿಟ್ಟರೆ? ರಿಬ್ಬನ್ ಕಟ್ಟಿಯಾಗಿತ್ತು, ಬಂಡೆಗಳ ಮೇಲೆ ಸುಣ್ಣದ ಬಾಣ ಬರೆದಾಗಿತ್ತು. ಹೇಗೂ ಅವರು ಮೊದಲು ಬಾವಿ ಕಡೆಯ ಸೊಪ್ಪನ್ನೇ ಕೊಯ್ಯುವುದು, ನಾಳೆ ಹೇಳಿದರಾಯಿತು ಅಂದುಕೊಂಡೆ.

ಗುರುವಾರ ನಿನ್ನ ಅತ್ತೆ ನಿನ್ನ ಗಂಡನನ್ನೂ ಮಗುವನ್ನೂ ಕರೆದುಕೊಂಡು ನಾಮಕರಣಕ್ಕೆಂದು ಮಂಚೇನಹಳ್ಳಿಗೆ ಹೋದರು. ಮನೆಯಲ್ಲಿ ನೀನೊಬ್ಬಳೇ, ಮುಟ್ಟಿನ ಎರಡನೇ ದಿನ. ಹುಳುಗಳಿಗೆ ಹಸಿವು. ನೀನು ನನ್ನ ಮಾತು ನೆನೆದು ಒಳಗೆ ಹೋದೆ. ಬಿಸಿಲೆಂದು ಹತ್ತಿರದ ಕಾಲುದಾರಿ ಬದಿಯ ಸೊಪ್ಪನ್ನೇ ಕೊಯ್ದು ಹಾಕಿದೆ.

ಶುಕ್ರವಾರ ಬೆಳಗ್ಗೆ ಶಾಲೆಯ ಗೇಟಿನ ಹತ್ತಿರ ನಿಂತಿದ್ದೆಯಲ್ಲ... ಆ ಮುಖ! "ಮಿಸ್, ಏನೂ ಆಗಲ್ಲ ಅಂದಿದ್ರಲ್ಲ" ಎಂದೆ. ಅಷ್ಟೇ ಅಂದದ್ದು ನೀನು.

ನಿನ್ನ ಜೊತೆಗೇ ಹುಳುಮನೆಗೆ ಬಂದೆ. ತಟ್ಟೆಗಳ ತುಂಬ ಹುಳು ತಲೆ ಎತ್ತಿ ಹೊಯ್ದಾಡುತ್ತಿದ್ದವು, ಹಸಿರು ರಸ ಕಕ್ಕುತ್ತಿದ್ದವು. ಆಗಲೇ ಮುಕ್ಕಾಲು ಪಾಲು ಸತ್ತು ಗಿಡ್ಡವಾಗಿ ಸುರುಟಿದ್ದವು. ಔಷಧಿ ತಗುಲಿದ ಹುಳು ಹೇಗಿರುತ್ತವೆಂದು ನಾನು ಚಿಕ್ಕಂದಿನಲ್ಲೇ ಕಂಡಿದ್ದೆ. ಕ್ಷಣ ಕೂಡ ಬೇಕಾಗಲಿಲ್ಲ ನನಗೆ. ಬೆಳಗಿನ ಬಸ್ಸಿಗೆ ವಾಪಸಾಗಿದ್ದ ನಿನ್ನ ಅತ್ತೆ ಬಾಗಿಲಲ್ಲಿ ಕುಸಿದು ಕೂತಿದ್ದರು. ನನ್ನನ್ನು ಕಂಡದ್ದೇ, "ಟೀಚರಮ್ಮ, ನೀವು ಹುಳು ಸಾಕಿದ ಮನೇಲಿ ಬೆಳ್ದೋರು. ನೀವೇ ಹೇಳಿ, ಏನಾಯ್ತು ಇವುಕ್ಕೆ?" ಎಂದು ಕೈ ಹಿಡಿದುಕೊಂಡರು.

ಅದೊಂದು ಗಳಿಗೆ ಇತ್ತು, ಮಂಜು. ಹೇಳಬಹುದಾಗಿತ್ತು. ಬಾಯಿ ತೆರೆದೆ ಕೂಡ.

"ಏನೋ ರೋಗ ಇರ್ಬೇಕಮ್ಮ" ಎಂದೆ.

ಅವರು ನಿನ್ನ ಕಡೆ ತಿರುಗಿದರು. "ನಿಜ ಹೇಳು, ಒಳಗೆ ಹೋಗಿದ್ಯಾ?" ನೀನು ನನ್ನ ಮುಖ ನೋಡಿದೆ. ನಾನು ಗೋಡೆ ನೋಡಿದೆ. "ಹೋಗಿದ್ದೆ ಅತ್ತೆ" ಎಂದೆ ನೀನು. ಯಾರ ಮಾತು ಕೇಳಿ ಹೋದೆ ಎಂದು ಹೇಳಲಿಲ್ಲ — ನನ್ನ ಹೆಸರು ಹೇಳು ಎಂದು ಎಷ್ಟು ಜಂಭದಿಂದ ಹೇಳಿದ್ದೆ ನಾನು, ನೀನು ಹೇಳಲೇ ಇಲ್ಲ. ಕೆನ್ನೆಗೆ ಹೊಡೆದ ಸದ್ದು ಕೇಳಿಸಿತು. "ಎಂತ ಪನಿ ಚೇಸ್ತಿವೇ!" — ಎಂಥ ಕೆಲಸ ಮಾಡಿದೆಯೇ — ಎಂದು ಅವರು ಅಳುತ್ತಾ ಮತ್ತೆ ಕೈ ಎತ್ತಿದರು. ಸಿಟ್ಟೋ ದುಃಖವೋ ಹೆಚ್ಚಾದರೆ ಅವರಿಗೆ ತೆಲುಗೇ ಬರುವುದು. ನಾನು ತಡೆದೆ. ಹೊಡೀಬೇಡಿ ಅಮ್ಮ, ಎಳೇ ಹುಡುಗಿ, ಬಿಡಿ ಎಂದೆ. ಥೂ! ನಿನ್ನನ್ನು ಕ್ಷಮಿಸಿ ಎಂದು ನಾನು ಅವರನ್ನು ಬೇಡಿಕೊಂಡೆ!

ಸಂಜೆ ಆ ಔಷಧಿಯವನಿಗೆ ಫೋನ್ ಮಾಡಿ, "ಯಾರಿಗೂ ಹೇಳ್ಬೇಡಪ್ಪ" ಎಂದೆ. ಇದನ್ನೂ ಬರೆಯಬೇಕು. ಬಿಟ್ಟರೆ ಬರೆದದ್ದೆಲ್ಲ ಸುಳ್ಳಾಗುತ್ತದೆ.

ಭಾನುವಾರ ಓಟ ಚೆನ್ನಾಗಿ ನಡೆಯಿತು. ನಿಮ್ಮೂರ ಹೆಂಗಸರೇ ದಾರಿಯುದ್ದಕ್ಕೂ ಮಜ್ಜಿಗೆ ಕೊಟ್ಟರು. ನೀನಿರಲಿಲ್ಲ. ಊರ ದೇವಿಯ ಮುಂದೆ ಎಲ್ಲರೆದುರು ನಿನ್ನ ಕೈಲಿ ತಪ್ಪು ಕಾಣಿಕೆ ಕಟ್ಟಿಸಿ, ಕೈವಾರಕ್ಕೆ ತವರಿಗೆ ಕಳಿಸಿದ್ದರು. ನಾನು ವೇದಿಕೆ ಹತ್ತಿ, ಮುಟ್ಟು ಮೈಲಿಗೆಯಲ್ಲ ಎಂದು ಭಾಷಣ ಮಾಡಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ನನ್ನನ್ನು ನೋಡಿಯೇ ಹೇಳಿರಬೇಕು.

ಮೂರು ತಿಂಗಳಿಗೆ ನಿನ್ನನ್ನು ವಾಪಸ್ ಕರೆಸಿಕೊಂಡರೆಂದು ಕೇಳಿ, ಸದ್ಯ, ಎಲ್ಲ ಸರಿಹೋಯಿತು ಎಂದುಕೊಂಡೆ. ಹುಳುಮನೆಗೆ ನಿನ್ನನ್ನು ಮತ್ತೆ ಸೇರಿಸಲಿಲ್ಲವೆಂದು, ನೀನು ಓಡುವುದನ್ನೇ ಬಿಟ್ಟೆಯೆಂದು ತಿಳಿದ ಮೇಲೂ ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎನ್ನುತ್ತಲೇ ಕಳೆದೆ. ಓಟ ವರ್ಷವರ್ಷವೂ ದೊಡ್ಡದಾಯಿತು. ಆರು ಶಾಲೆಗಳಲ್ಲಿ ಶೌಚಾಲಯ ಆದವು. ಅಷ್ಟು ಒಳ್ಳೆಯದಾಯಿತಲ್ಲ, ಒಂದು ಮಾತು ಹೇಳದಿದ್ದರೇನು ಎಂದು... ಬೇಡ. ಅದನ್ನು ಮುಂದುವರಿಸುವುದಿಲ್ಲ.

ಹೋದ ತಿಂಗಳು ಎಂಟನೇ ತರಗತಿಯಲ್ಲಿ ಮುಟ್ಟು ಮೈಲಿಗೆಯಲ್ಲವೆಂಬ ಅದೇ ಹಳೆಯ ಪಾಠ ಮಾಡುತ್ತಿದ್ದೆ. ನಿನ್ನ ಮಗಳು ಎದ್ದು ನಿಂತಳು. ಥೇಟ್ ನಿನ್ನ ಹಾಗೇ, ಕೈ ಹಿಂದೆ ಕಟ್ಟಿಕೊಂಡು. "ಮಿಸ್, ನೀವು ಹೇಳೋದು ಸುಳ್ಳು. ನಮ್ಮಮ್ಮ ಹಂಗೆ ಒಳಗೆ ಹೋಗಿದ್ದಕ್ಕೇ ನಮ್ ಹುಳು ಎಲ್ಲಾ ಸತ್ತೋದ್ವು. ನಮ್ಮಮ್ಮಾನೇ ಹೇಳಿದ್ದು" ಎಂದಳು. ಹಿಂದಿನ ಬೆಂಚಿನ ಇನ್ನಿಬ್ಬರು, "ಹೌದು ಮಿಸ್, ಊರಿಗೆಲ್ಲ ಗೊತ್ತು" ಎಂದರು.

ನೀನೇ ಹೇಳಿದ್ದು! ಅತ್ತೆ ಹೊಡೆದರು, ಊರು ಆಡಿಕೊಂಡಿತು, ಅವೆಲ್ಲ ನನಗೆ ಗೊತ್ತಿತ್ತು. ಆದರೆ ನೀನೂ ನಂಬಿಬಿಟ್ಟಿದ್ದೀಯೆಂದು ಒಮ್ಮೆಯೂ ಹೊಳೆದಿರಲಿಲ್ಲ. ನನ್ನ ಮೌನ ಆ ಊರಿಗೆಲ್ಲ ಸಾಕ್ಷಿಯಾಗಿ ನಿಂತಿತ್ತು. ತರಗತಿಯನ್ನು ಅರ್ಧಕ್ಕೇ ಬಿಟ್ಟು ಹೊರಗೆ ಬಂದೆ.

ನಿನ್ನೆ ನಿಮ್ಮ ಮನೆಗೆ ಬಂದಿದ್ದೆ. ನೀನು ಗಂಡನ ಜೊತೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋಗಿದ್ದೆ. ನಿನ್ನ ಅತ್ತೆಯೊಬ್ಬರೇ ಇದ್ದರು. ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ, ಪೊರಕೆ ತಗೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮ ಬಲಗೈಯನ್ನೇ ನೋಡಿಕೊಂಡರು.

"ನನ್ನ ಕೈಲಿ ಆ ಮಗೂನ ಹೊಡೆಸ್ಬಿಟ್ರಲ್ಲಮ್ಮ" ಎಂದರು. "ನಾನೀಗ ಅವ್ಳಿಗೆ ಹೆಂಗೆ ಮುಖ ತೋರಿಸ್ಲಿ?"

ಮುಖ ತೋರಿಸಲಾಗದವಳು ಅವರೆದುರೇ ಕೂತಿದ್ದೆ, ಮಂಜು. "ನಾನೇನೂ ಹೇಳಲ್ಲ, ನೀವೇ ಹೇಳ್ಬೇಕು" ಎಂದು ಅವರು ಒಳಗೆ ಹೋದರು.

ಈ ಕಾಗದವನ್ನು ಯಾರ ಕೈಯಲ್ಲೂ ಕಳಿಸುವುದಿಲ್ಲ. ಭಾನುವಾರ ಬೆಳಗ್ಗೆ ನಾನೇ ತಂದು, ನಿನ್ನೆದುರು ಕೂತು ಓದುತ್ತೇನೆ. ನಿನ್ನ ಅತ್ತೆ ಇರಲಿ, ಮಗಳೂ ಇರಲಿ. ಅಕ್ಕಪಕ್ಕದವರು ಬಂದರೆ ಅವರೂ ಕೇಳಲಿ. ನೀನು ನಡುವೆ ಎದ್ದು ಹೋಗಬಹುದು, ಬಾಗಿಲು ಹಾಕಿಕೊಳ್ಳಬಹುದು. ಹಾಕಿದ ಬಾಗಿಲಿನ ಹೊರಗೆ ನಿಂತಾದರೂ ಕೊನೆಯ ಸಾಲಿನವರೆಗೆ ಓದುತ್ತೇನೆ — ಒಳಗಿರುವ ನಿನಗೆ ಕೇಳಿಸುವಷ್ಟು ಗಟ್ಟಿಯಾಗಿ.