ಹಾಲಿನಕ್ಕನ ರೇಡಿಯೊ

ಹಾಲಿನಕ್ಕನಿಗೆ ಒಂದು ಕಾಲದಲ್ಲಿ ಹಸು ಕಂಡರೆ ಹೆದರಿಕೆಯಿತ್ತು ಎಂದರೆ ಈಗ ಊರಲ್ಲಿ ಯಾರೂ ನಂಬುವುದಿಲ್ಲ. ಅವಳು ಪೇಟೆಯ ದರ್ಜಿಯ ಮಗಳು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಕೈಗೆ ಚೊಂಬು ಕೊಟ್ಟು ಕೊಟ್ಟಿಗೆಗೆ ಕಳಿಸಿದರು. ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತರೆ ಕೈ ನಡುಗುತ್ತಿತ್ತು. ಆ ನಡುಕ ಹಸುವಿಗೂ ತಿಳಿದು ಅದು ಹಾಲು ಇಳಿಸದೆ ಕಾಲು ಕೊಡವುತ್ತಿತ್ತು. ಒದ್ದರೆ ಏನು ಗತಿ ಎನ್ನುವುದಕ್ಕಿಂತ ಕೊಟ್ಟಿಗೆಯ ಮೌನವೇ ಅವಳನ್ನು ಹೆಚ್ಚು ಕಾಡುತ್ತಿತ್ತು. ಒಂದು ಸಂಜೆ ತವರಿನಿಂದ ತಂದಿದ್ದ ಪುಟ್ಟ ರೇಡಿಯೊವನ್ನು ಮೊಳೆಗೆ ನೇತುಹಾಕಿ, ಅದರ ಹಾಡಿನ ಜೊತೆ ತಾನೂ ಗುನುಗುತ್ತ ಕೂತಳು. ಅವಳಿಗೆ ಧೈರ್ಯ ಬಂತು, ಹಸುವಿಗೆ ಹಾಲು ಬಂತು. ಸೊಸೆ ದನಗಳಿಗೆ ಹಾಡು ಕಲಿಸುತ್ತಿದ್ದಾಳೆ ಎಂದು ಊರು ನಕ್ಕಿತು. ಅತ್ತೆ ಮಾತ್ರ ನಗಲಿಲ್ಲ, ಚೊಂಬು ತುಂಬಿತ್ತಲ್ಲ.

ಅಲ್ಲಿಂದ ಅದೇ ರೂಢಿಯಾಯಿತು. ಸಂಜೆ ರೇಡಿಯೊ ಹಚ್ಚಿದರೆ ಸಾಕು, ಹುಲ್ಲುಗಾವಲಿನ ಆ ತುದಿಯಲ್ಲಿದ್ದ ಹಸುಗಳು ತಲೆಯೆತ್ತಿ, ಸಾಲು ಹಿಡಿದು ಕೊಟ್ಟಿಗೆಗೆ ಬರುತ್ತವೆ. ಕೂಗಬೇಕಿಲ್ಲ, ಕೋಲು ಹಿಡಿಯಬೇಕಿಲ್ಲ. ಅತ್ತೆ ತೀರಿಕೊಂಡರು, ಹಳೆಯ ರೇಡಿಯೊ ಹೋಗಿ ಹೊಸದು ಬಂತು, ಲಾರಿ ಓಡಿಸುವ ಗಂಡ ಮನೆಯಲ್ಲಿದ್ದದ್ದಕ್ಕಿಂತ ರಸ್ತೆಯಲ್ಲಿದ್ದದ್ದೇ ಹೆಚ್ಚು. ರೂಢಿ ಮಾತ್ರ ತಪ್ಪಲಿಲ್ಲ.

ಹೀಗಿರುವಾಗ ಪಕ್ಕದ ಜಮೀನನ್ನು ದೊಡ್ಡ ಸಂಗೀತೋತ್ಸವಕ್ಕೆ ಕೊಟ್ಟಿದ್ದಾರೆ ಎಂಬ ಸುದ್ದಿ ಬಂತು. ಅಂಗಡಿಯವನು ಹಿಗ್ಗಿದ, ಮಾಸ್ತರರು ಕಿವಿಗೆ ಹತ್ತಿ ತಂದಿಟ್ಟುಕೊಂಡರು. ಹಾಲಿನಕ್ಕನ ಯೋಚನೆಯೆಲ್ಲ ಎಳೆ ಹಸು ಕೆಂಚಿಯ ಮೇಲೆ. ಕೆಂಚಿಯದು ಚೊಚ್ಚಲ ಗಬ್ಬ, ಉತ್ಸವದ ಹೊತ್ತಿಗೇ ದಿನ ತುಂಬುವುದರಲ್ಲಿತ್ತು. ಆ ಸದ್ದಿಗೆ ಬೆದರಿ ಓಡಿದರೆ? ಬಿದ್ದು ಕಂದು ಹಾಕಿದರೆ? ಉಂಡ ಅನ್ನ ಮೈಗೆ ಹತ್ತಲಿಲ್ಲ ಅವಳಿಗೆ. ಕೊನೆಗೆ ತಾನೇ ಒಂದು ಉಪಾಯ ಹೂಡಿದಳು. ಹಸುಗಳಿಗೆ ಸದ್ದು ಈಗಿನಿಂದಲೇ ಅಭ್ಯಾಸವಾಗಲಿ ಎಂದು ದಿನದಿನಕ್ಕೂ ರೇಡಿಯೊ ಜೋರು ಮಾಡುತ್ತ ಬಂದಳು. ಧಿಮಿಧಿಮಿ ಎನ್ನುವ ಹಾಡುಗಳನ್ನೇ ಹುಡುಕಿ ಹಚ್ಚಿದಳು. ಅವು ಬೆದರದಿರಲಿ ಎಂದು ಹಾಡು ಜೋರಾದಷ್ಟೂ ಒಂದೊಂದು ಹಿಡಿ ಹಿಂಡಿ ಹೆಚ್ಚಿಗೆ ಹಾಕಿದಳು. ಗೋಡೆಯಾಚೆ ಇದ್ದ ನಾದಿನಿಗೆ ತಲೆ ಚಿಟ್ಟು ಹಿಡಿದುಹೋಯಿತು.

"ಅತ್ತಿಗೆ, ಉತ್ಸವ ಪಕ್ಕದ ಹೊಲದಲ್ಲಿ ಅಂದಿದ್ರು. ನಮ್ಮ ಕೊಟ್ಟಿಗೇಲೇ ಅಂತ ಯಾರೂ ಹೇಳಲಿಲ್ಲ."

ಉತ್ಸವದ ಹಿಂದಿನ ಸಂಜೆ ಹಾಲಿನಕ್ಕ ಎಂದಿನಂತೆ ರೇಡಿಯೊ ಹಚ್ಚಿ, ಹಿಂಡಿ ನೆನೆಸಿ ಕಾದಳು. ಅತ್ತ ವೇದಿಕೆಯಲ್ಲಿ ಸ್ಪೀಕರುಗಳ ಪರೀಕ್ಷೆ ಶುರುವಾಗಿತ್ತು. ಎದೆಯೊಳಗೇ ಕುಟ್ಟಿದಂಥ ಸದ್ದು. ಹಸುಗಳು ಬರಲಿಲ್ಲ. ಹೊರಗೆ ಬಂದು ನೋಡಿದರೆ ಹುಲ್ಲುಗಾವಲು ಖಾಲಿ. ಉತ್ಸವಕ್ಕೆ ನೀರು ತಂದ ಟ್ಯಾಂಕರಿನವರು ಆ ಕಡೆಯ ಗೇಟನ್ನು ಹಾರುಹೊಡೆದು ಬಿಟ್ಟುಹೋಗಿದ್ದರು. ಅವಳು ರೇಡಿಯೊ ಆರಿಸುವುದನ್ನೂ ಮರೆತು, ಹಿಂಡಿ ಮೆತ್ತಿದ ಕೈಯಲ್ಲೇ ಓಡಿದಳು.

ಹಸುಗಳು ಬೆದರಿರಲಿಲ್ಲ. ವೇದಿಕೆಯ ಮುಂದೆ, ಕೊಟ್ಟಿಗೆಯ ಗೋದಲಿಯೆದುರು ನಿಂತ ಹಾಗೆ ಸಾಲಾಗಿ ನಿಂತು, ಸ್ಪೀಕರುಗಳನ್ನೇ ನೋಡುತ್ತಿದ್ದವು. ಜೋರಾದ ಹಾಡು ಎಂದರೆ ಹೆಚ್ಚು ಹಿಂಡಿ ಎಂದು ಕಲಿಸಿದವಳು ತಾನೇ ಅಲ್ಲವೇ. ಅದು ಹೊಳೆದಾಗ ನಾಚಿಕೆಪಡುವಷ್ಟು ಪುರುಸೊತ್ತೂ ಇರಲಿಲ್ಲ. ಕೆಂಚಿ ಉಳಿದವಕ್ಕಿಂತ ಮುಂದೆ ಹೋಗಿ, ಹಗ್ಗದ ಬೇಲಿ ನುಸುಳಿ, ಜನರೇಟರಿನ ಪಕ್ಕ ತೋಳುದಪ್ಪದ ಕೇಬಲ್ಲುಗಳ ನಡುವೆ ನಿಂತಿತ್ತು. ಟ್ಯಾಂಕರಿನ ನೀರು ಸೋರಿ ಅಲ್ಲೆಲ್ಲ ಹುಲ್ಲು ತೊಯ್ದಿತ್ತು. ಕೆಲಸದವನೊಬ್ಬ ಟವೆಲ್ ಬೀಸಿ ಓಡಿಸಲು ಹೊರಟಿದ್ದ. ಹಾಲಿನಕ್ಕ ಎರಡೂ ಕೈ ಜೋಡಿಸಿ ಬೇಡ ಎಂದಳು. ಬೆದರಿ ಕಾಲು ಸಿಕ್ಕಿಸಿಕೊಂಡರೆ ಒಂದಲ್ಲ, ಎರಡು ಜೀವ.

ಸೌಂಡಿನವನು ಡೇರೆಯೊಳಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಅವಳು ಭುಜ ತಟ್ಟಿದಾಗ ಬೆಚ್ಚಿಬಿದ್ದು, ಪಾಸ್ ಇಲ್ಲದೆ ಒಳಗೆ ಬರುವ ಹಾಗಿಲ್ಲ ಎಂದ.

"ಪಾಸ್ ಇಲ್ದೆ ಬಂದಿರೋದು ನಾನೊಬ್ಬಳೇ ಅಲ್ಲಪ್ಪ, ಅಲ್ಲಿ ನೋಡು" ಎಂದಳು ಅವಳು. "ಕೈ ಮುಗೀತೀನಿ, ಹಾಡು ನಿಲ್ಲಿಸು. ಕರೆಂಟೂ ತೆಗೆಸು. ಅದು ತುಂಬಿದ ಬಸುರಿ."

ಅವನು ನೋಡಿದ. ಹಾಡು ನಿಲ್ಲಿಸಿ, ಕೈ ಎತ್ತಿ ಸನ್ನೆ ಮಾಡಿದ. ಜನರೇಟರೂ ಗುರುಗುಟ್ಟಿ ಸುಮ್ಮನಾಯಿತು. ಕಂಬ ನೆಡುತ್ತಿದ್ದವರು, ಡೇರೆ ಕಟ್ಟುತ್ತಿದ್ದವರು, ಎಲ್ಲರೂ ನಿಂತಲ್ಲೇ ನಿಂತರು. ಅಷ್ಟು ದೊಡ್ಡ ಬಯಲು ಹಾಲಿನಕ್ಕನಿಗೆ ಹೊಸ ಸೊಸೆಯಾಗಿದ್ದಾಗಿನ ಆ ಮೌನದ ಕೊಟ್ಟಿಗೆಯಂತೆ ಕಂಡಿತು.

ಆಗ ದೂರದಿಂದ, ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸಣ್ಣಗೆ, ಅವಳ ರೇಡಿಯೊ ಕೇಳಿಸಿತು.

ಹಿರಿಯ ಹಸುವಿನ ಕಿವಿ ಮೊದಲು ತಿರುಗಿತು. ಆಮೇಲೆ ತಲೆ, ಆಮೇಲೆ ಮೈ. ಅದರ ಹಿಂದೆ ಉಳಿದವು ಸಾಲು ಹಿಡಿದವು. ಕೆಂಚಿ ಮಾತ್ರ ಇನ್ನೂ ಸ್ಪೀಕರಿನ ಕಡೆಗೇ ನೋಡುತ್ತಿತ್ತು, ಇಷ್ಟು ದೊಡ್ಡ ಡಬ್ಬದಿಂದ ಎಷ್ಟು ಹಿಂಡಿ ಬಂದೀತೋ ಎನ್ನುವ ಹಾಗೆ. ಹಾಲಿನಕ್ಕ ಹತ್ತಿರ ಹೋಗಿ, ಹಿಂಡಿ ಮೆತ್ತಿದ ಕೈ ಚಾಚಿ, ರೇಡಿಯೊದ ಹಾಡನ್ನೇ ಮೆಲ್ಲಗೆ ಗುನುಗಿದಳು. ಕೆಂಚಿ ಕೈ ನೆಕ್ಕಿತು. ಒಂದೊಂದೇ ಕಾಲೆತ್ತಿ, ಕೇಬಲ್ಲು ದಾಟಿ, ಅವಳ ಹಿಂದೆ ಬಂತು. ಗೇಟು ದಾಟುವವರೆಗೂ ಬಯಲಲ್ಲಿ ಯಾರೊಬ್ಬರೂ ಕೆಮ್ಮಲಿಲ್ಲ. ಗೇಟು ಹಾಕಿಕೊಂಡ ಮೇಲೆ ಅವಳು ಅಲ್ಲೇ ಕುಸಿದು ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ಒಂದಷ್ಟು ಹೊತ್ತು ಅತ್ತಳು, ಒಂದಷ್ಟು ಹೊತ್ತು ನಕ್ಕಳು.

ಸೌಂಡಿನವನು ಹಿಂದೆಯೇ ಬಂದ. ತನ್ನ ಪಾಠದ ಕತೆಯನ್ನು ಅವಳು ಮುಚ್ಚಿಡದೆ ಹೇಳಿದಳು. ಅವನು ನಗು ತಡೆದುಕೊಂಡು, ಹಾಲು ಕರೆಯುವುದು ಯಾವ ಹೊತ್ತಿಗೆ ಎಂದು ಕೇಳಿದ. ಉತ್ಸವದ ಸಂಜೆಗಳಲ್ಲೂ ಆ ಹೊತ್ತಿಗೆ ಬಿಡುವು ಕೊಡಿಸುತ್ತೇನೆ, ಹಾಡೋರಿಗೂ ಟೀ ಕುಡಿಯೋಕೆ ಸಮಯ ಬೇಕಲ್ಲ ಎಂದ. ಮಾತಿನಂತೆಯೇ ನಡೆದುಕೊಂಡ. ಟ್ಯಾಂಕರಿನವರು ಗೇಟಿಗೆ ಸರಪಳಿ ಹಾಕಿ, ಬೀಗದ ಕೈಯನ್ನು ಅವಳ ಕೈಗೇ ಕೊಟ್ಟುಹೋದರು.

ಸುದ್ದಿ ಕೇಳಿದ ನಾದಿನಿ ಬಿಡುತ್ತಾಳೆಯೇ? "ಪಾಠ ಚೆನ್ನಾಗೇ ಹೇಳ್ಕೊಟ್ಟಿದ್ದೀರಿ ಅತ್ತಿಗೆ. ಅವು ಪರೀಕ್ಷೆ ಬರೆಯೋಕೆ ಪಕ್ಕದ ಹೊಲಕ್ಕೇ ಹೊರಟಿದ್ವು."

ಉತ್ಸವ ಮುಗಿದು, ಡೇರೆಗಳನ್ನು ಬಿಚ್ಚುತ್ತಿದ್ದ ಬೆಳಗ್ಗೆ ಕೆಂಚಿ ಸಲೀಸಾಗಿ ಹೆಣ್ಣು ಕರು ಹಾಕಿತು. ಅಂದು ಸಂಜೆ ಗೋಡೆಯಾಚೆಯಿಂದ ನಾದಿನಿ, ರೇಡಿಯೊ ಕೇಳಿಸುತ್ತಲೇ ಇಲ್ಲವಲ್ಲ, ಕೆಟ್ಟುಹೋಯಿತೇ ಎಂದು ವಿಚಾರಿಸಿದಳು. ರೇಡಿಯೊ ಹಾಡುತ್ತಲೇ ಇತ್ತು, ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುವಷ್ಟು.

"ಮೆಲ್ಲಗೆ ಮಾತಾಡೇ" ಎಂದಳು ಹಾಲಿನಕ್ಕ. "ಕೂಸು ಈಗಷ್ಟೇ ಮಲಗಿದೆ."