ಹಿನ್ನೀರಿಗೆ ಬಿಟ್ಟ ಹೂವು

ಆ ಕವಿ ಮಹಾಶಯನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಅವನು ಬರೆದದ್ದು ನಾಲ್ಕೇ ಸಾಲು:

ಹಿನ್ನೀರಲಿ ಹೂ ತೇಲಿಬಿಡುವವಳೇ,
ಆ ದಡದಲ್ಲಿ ಯಾರಿದ್ದಾರೆ?
ನಿನ್ನ ಬೆರಳು ಬಿಟ್ಟದ್ದನ್ನು
ಹಿಡಿಯಲು ನಾ ನೀರಾದೇನು!

ಹೂ ಬಿಡುತ್ತಿದ್ದವಳು ನಾನು. ಸಾಗರದಿಂದ ಬಸ್ಸಿನಲ್ಲಿ ಬಂದು, ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಆಚೆ ದಡದ ಶಾಲೆಗೆ ಹೋಗುತ್ತಿದ್ದ ಟೀಚರು. ಅಮ್ಮ ಹುಟ್ಟಿದ ಮನೆ ಅಲ್ಲೇ ನೀರಿನಡಿ ಇದೆ, ಅವಳು ಚಿಕ್ಕವಳಿದ್ದಾಗ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ್ದು. ಲಾಂಚ್ ನಡುನೀರಿಗೆ ಬಂದಾಗಲೆಲ್ಲ ಅಮ್ಮ ಮುಡಿಯಿಂದ ಒಂದು ಹೂ ತೆಗೆದು ಬಿಡುತ್ತಿದ್ದಳು. "ತೌರಿಗೆ ಬರಿಗೈಲಿ ಹೋಗ್ತಾರೇನೇ?" ಎನ್ನುತ್ತಿದ್ದಳು. ಮಂಡಿನೋವು ಬಂದು ಓಡಾಟ ನಿಂತ ಮೇಲೆ ದಿನಾ ಬೆಳಿಗ್ಗೆ ಒಂದು ಹೂವನ್ನು ನನ್ನ ಕೈಗೆ ಕೊಡುತ್ತಿದ್ದಳು.

ಸಿಗಂದೂರಿನ ದೇವಸ್ಥಾನಕ್ಕೆ ಹೊರಟಿದ್ದ ಈ ಕವಿ ಒಮ್ಮೆ ಅದೇ ಲಾಂಚಿನಲ್ಲಿದ್ದನಂತೆ. ಕೇಳಲು ಬಾಯಿರಲಿಲ್ಲವೇ? ಹೂವು ಕಂಡಿತು, ಹೆಂಗಸು ಕಂಡಳು, ಪ್ರೇಮವೆಂದು ತೀರ್ಮಾನಿಸಿಬಿಟ್ಟ. ಸಾಲುಗಳು ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿದವು. ದಿನಾ ಹೂ ಬಿಡುವವಳು ನಾನೊಬ್ಬಳೇ ಎಂದು ಲಾಂಚಿನವರಿಗೆಲ್ಲ ಗೊತ್ತಿತ್ತು. ಗಂಡ ಕೂಡ ನಗುತ್ತಾ, "ಯಾರೇ ಅದು, ಆ ದಡದಲ್ಲಿ?" ಎಂದ. ಆ ನಗು ನನಗೆ ಹಿಡಿಸಲಿಲ್ಲ.

ತೀರ್ಥಹಳ್ಳಿಯ ಕವಿಗೋಷ್ಠಿಗೆ ಅವನನ್ನು ಹುಡುಕಿಕೊಂಡು ಹೋದೆ. ಅಮ್ಮನ ವಿಷಯ ಹೇಳಿ, "ಇನ್ಮೇಲೆ ಇದನ್ನ ಎಲ್ಲೂ ಓದ್ಬೇಡಿ" ಎಂದೆ.

ಹಲ್ಲು ಕಿರಿದ. "ನಿಮ್ಮ ಹೆಸ್ರು ಹಾಕಿಲ್ವಲ್ಲ ಮೇಡಂ. ಅದೀಗ ಓದುಗರ ಸ್ವತ್ತು. ಬೇಕಿದ್ರೆ ಅಮ್ಮನ ಮೇಲೂ ಒಂದು ಬರೀತೀನಿ."

"ಬರೆದು ನೋಡಿ!" ಎಂದೆ. ವೇದಿಕೆ ಹತ್ತಿ ಅವನು ಮೊದಲು ಓದಿದ್ದು ಅದನ್ನೇ. ಚಪ್ಪಾಳೆಯೂ ಬಿತ್ತು.

ಅಷ್ಟರಲ್ಲಿ ಹಿನ್ನೀರಿಗೆ ಅಡ್ಡಲಾಗಿ ಕಟ್ಟುತ್ತಿದ್ದ ಸೇತುವೆ ಕೆಲಸ ಮುಗಿಯುತ್ತ ಬಂದಿತ್ತು. ಲಾಂಚ್ ನಿಲ್ಲುವ ಮೊದಲು ಒಮ್ಮೆ ತಾನೇ ಹೋಗಿ ಹೂ ಬಿಡಬೇಕೆಂದು ಅಮ್ಮ ಹಟ ಹಿಡಿದಳು. ಕೈಹಿಡಿದು ಹತ್ತಿಸಿದೆ. ನಡುನೀರಿನಲ್ಲಿ ಅವಳು ಮುಡಿಗೆ ಕೈ ಹಾಕಿದ್ದೇ ತಡ, ಹಿಂದಿನಿಂದ ಯಾರೋ ಆ ಸಾಲುಗಳನ್ನು ರಾಗವಾಗಿ ಹೇಳಿದರು. ಸುತ್ತ ನಿಂತವರೆಲ್ಲ ನಕ್ಕರು. ಒಬ್ಬಳು ಮೊಬೈಲ್ ಎತ್ತಿ ಹಿಡಿದು, "ಅಜ್ಜೀ, ಯಾರಿಗೆ ಹೂವು?" ಎಂದು ಕೇಳಿದಳು.

ಅಮ್ಮ ಎಲ್ಲರ ಮುಖ ನೋಡಿದಳು. ಏನೊಂದೂ ಅರ್ಥವಾಗದೆ ನಾಚಿಕೊಂಡಳು. ಹೂವನ್ನು ಸೆರಗಿನಲ್ಲಿ ಮುಚ್ಚಿಟ್ಟು, "ಬ್ಯಾಡ ಬಿಡೇ, ಜನ ನೋಡ್ತಾರೆ" ಎಂದಳು.

ಅಮ್ಮ ಅಂದು ಬರಿಗೈಲಿ ತೌರು ದಾಟಿದಳು. ಹೂವು ಸೆರಗಿನಲ್ಲೇ ಮನೆಗೆ ವಾಪಸ್ ಬಂತು.