ಸ್ವಿಚ್ಚಿಗೆ ಮೊದಲು ಒಂದು ಕರೆ

ಧಾರವಾಡದ ಕಡೆಯಿಂದ ಮದುವೆಯಾಗಿ ಬಂದ ಶಿವಕಾಂತಾ ಪುಣೆ ಹತ್ತಿರದ ಕುರಕುಂಭದ ಒಂದು ದೊಡ್ಡ ರಾಸಾಯನಿಕ ಕಂಪನಿಯ ಟೆಲಿಫೋನ್ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೂತಿದ್ದವಳು. ಕಂಪನಿ ತನಗೆಂದು ಎಳೆಸಿಕೊಂಡ ವಿದ್ಯುತ್ ಜಾಲದಿಂದಲೇ ಸುತ್ತಲಿನ ಒಂಬತ್ತು ಕಾರ್ಖಾನೆಗಳಿಗೂ ಕರೆಂಟು ಹೋಗುತ್ತಿತ್ತು. ವಿದ್ಯುತ್ ಕಡಿಮೆ ಬಿದ್ದರೆ ಮೊದಲು ತೆಗೆಯುತ್ತಿದ್ದುದು ನೆರೆಯವರದನ್ನೇ. ಕೇಳುವವರು ಯಾರೂ ಇರಲಿಲ್ಲ.

ಅವಳು ಸೇರಿದ ವರ್ಷವೇ ಹೀಗೆ ಹೇಳದೆ ಕೇಳದೆ ಕರೆಂಟು ತೆಗೆದಾಗ, ಬಣ್ಣದ ಕಾರ್ಖಾನೆಯಲ್ಲಿ ಕಲಕುವ ಯಂತ್ರ ನಿಂತು ಹಂಡೆ ಉಕ್ಕಿ ಇಬ್ಬರ ಕೈ ಸುಟ್ಟಿತು. ಅಂದಿನಿಂದ ಅವಳು ಸ್ವಿಚ್ಚಿನ ಕೋಣೆಯವರ ಬೆನ್ನು ಹತ್ತಿ ಸುದ್ದಿ ಮೊದಲೇ ತಿಳಿದುಕೊಂಡು, ಒಂಬತ್ತೂ ಕಡೆ ತಾನಾಗಿ ಫೋನ್ ಮಾಡತೊಡಗಿದಳು. ಬಣ್ಣದವರಿಗೆ ಹಂಡೆ ತಣಿಸಲು ನಲವತ್ತು ನಿಮಿಷ ಬೇಕು, ಮಂಜುಗಡ್ಡೆಯವರು ಕರೆಂಟಿಲ್ಲದೆ ಎರಡು ತಾಸು ತಡೆದಾರು ಎಂಬುದೆಲ್ಲ ಬಾಯಿಪಾಠವಾಯಿತು. ಬಣ್ಣದ ಕಾರ್ಖಾನೆಯಲ್ಲಿ ಫೋನ್ ಎತ್ತುತ್ತಿದ್ದವನು ವಿಜಯಪುರದ ಲಾಲಪ್ಪ. ಅಲ್ಲಿ ಕನ್ನಡ ಕೇಳಿದರೆ ಅವಳ ಜೀವಕ್ಕೆ ತಂಪು. ಮುಖ ಮಾತ್ರ ಒಬ್ಬರದೊಬ್ಬರು ನೋಡಿರಲಿಲ್ಲ.

ನಿವೃತ್ತಳಾಗಿ ಪುಣೆಯಲ್ಲಿ ಮಗಳು ಮುಕ್ತಾಳ ಮನೆಯಲ್ಲಿದ್ದಾಗ, ಖಾಸಗಿ ವಿದ್ಯುತ್ ಜಾಲಗಳಿಗೆ ನಿಯಮ ತರುವ ಬಗ್ಗೆ ವಿದ್ಯುತ್ ಆಯೋಗ ಬಹಿರಂಗ ವಿಚಾರಣೆ ಕರೆದಿದೆಯೆಂದು ಪೇಪರಿನಲ್ಲಿ ಓದಿದಳು. ಯಾರಿಗೂ ಹೇಳದೆ ರಿಕ್ಷಾ ಹಿಡಿದು ಹೋದಳು. ಅಲ್ಲಿ ಕಂಪನಿಯ ವಕೀಲರು, ತಂತಿ ತಮ್ಮದು, ಯಾರದನ್ನು ಮೊದಲು ತೆಗೆಯಬೇಕೆಂಬುದೂ ತಮಗೆ ಬಿಟ್ಟದ್ದು ಎಂದರು. ಶಿವಕಾಂತಾ ಎದ್ದು ನಿಂತು, ಮರಾಠಿಯಲ್ಲೇ, ಯಾವ ಕಾರ್ಖಾನೆಗೆ ಎಷ್ಟು ನಿಮಿಷ ಮುಂಚೆ ತಿಳಿಸದಿದ್ದರೆ ಏನಾಗುತ್ತದೆಂದು ಒಂದೊಂದಾಗಿ ಹೇಳಿದಳು. ಇದಕ್ಕೆ ದಾಖಲೆ ಇದೆಯೇ ಎಂದು ಅಧ್ಯಕ್ಷರು ಕೇಳಿದಾಗ, ಬರೆದಿಟ್ಟದ್ದೇನೂ ಇಲ್ಲ, ಎಲ್ಲ ಬಾಯಿಪಾಠ ಎಂದಳು.

ಹಿಂದಿನ ಸಾಲಿನಿಂದ ಬಿಳಿಗೂದಲಿನವನೊಬ್ಬ ಎದ್ದು, ಈ ಅಕ್ಕನವರ ಫೋನಿನಿಂದ ತಮ್ಮ ಕಾರ್ಖಾನೆ ಎಷ್ಟೋ ಸಲ ಉಳಿದಿದೆ, ತಾನೇ ಸಾಕ್ಷಿ ಎಂದು ಮರಾಠಿಯಲ್ಲಿ ಹೇಳಿದ. ಆಮೇಲೆ ಅವಳತ್ತ ತಿರುಗಿದ.

“ದನಿ ಕೇಳಿದ ಕೂಡಲೇ ಗೊತ್ತಾತ್ರೀ ಅಕ್ಕಾರ. ನಾ ಲಾಲಪ್ಪ.”

ಅವಳು ತಲೆಯೆತ್ತಿ ಅವನನ್ನು ನೋಡಿದಳು. “ಇಷ್ಟು ಎತ್ತರ ಇದ್ದೀರಂತ ತಿಳಿದಿದ್ದಿಲ್ರಿ,” ಎಂದಳು.

ವಿಚಾರಣೆ ಮುಗಿದ ಮೇಲೂ ಇಬ್ಬರೂ ಪಡಸಾಲೆಯ ಬೆಂಚಿನಲ್ಲಿ ಬಹಳ ಹೊತ್ತು ಕೂತು, ಯಾರು ಇದ್ದಾರೆ, ಯಾರು ಹೋದರು ಎಂದು ಮಾತಾಡಿದರು.

ಆರು ತಿಂಗಳಿಗೆ ನಿಯಮ ಬಂತು. ಜಾಲ ಯಾರದೇ ಇರಲಿ, ಅಪಾಯ ಹೆಚ್ಚಿರುವ ಕಡೆ ಕರೆಂಟು ಕೊನೆಗೆ ತೆಗೆಯಬೇಕು, ಒಂದು ತಾಸು ಮುಂಚೆ ತಿಳಿಸಬೇಕು. ಸೂಚನೆ ಈಗ ಕಂಪ್ಯೂಟರಿನಿಂದ ತಾನಾಗಿಯೇ ಹೋಗುತ್ತದಂತೆ. ಒಳ್ಳೆಯದೇ ಆಯಿತು ಎಂದಳು ಶಿವಕಾಂತಾ. ಇನ್ನು ಅಲ್ಲಿ ಯಾರೂ ಯಾರ ದನಿಯನ್ನೂ ಕೇಳಬೇಕಾಗಿಲ್ಲ ಎನಿಸಿ, ಆ ಮಧ್ಯಾಹ್ನ ಮಾತ್ರ ಅವಳಿಗೆ ಊಟ ಸೇರಲಿಲ್ಲ.